ಹಾಜರಿ ಇಲ್ಲದ ಶನಿವಾರ

ಮಳೆ ಹಿಡಿಯುವ ಮುಂಚೆ ನಮ್ಮ ಕಡೆ ಒಂದು ಧಗೆ ಬರುತ್ತದಲ್ಲ, ಫ್ಯಾನಿನ ಗಾಳಿಯೂ ಬಿಸಿ, ಕುಡಿದ ನೀರೂ ಬಿಸಿ, ಅಂಥ ದಿನಗಳಲ್ಲೇ ಅದು ಶುರುವಾದದ್ದು. ಯಾವ ವರ್ಷ ಅಂತ ಕೇಳಬೇಡಿ. ನನ್ನ ತಲೆತುಂಬ ಕಪ್ಪು ಕೂದಲಿತ್ತು, ನಮ್ಮ ಫಿಸಿಯಾಲಜಿ ಲ್ಯಾಬಿನಲ್ಲಿ ಇನ್ನೂ ಕಪ್ಪೆ ಪ್ರಯೋಗ ನಡೆಯುತ್ತಿತ್ತು. ಅಷ್ಟು ಹೇಳಬಲ್ಲೆ.

ಈಗ ಮೆಡಿಕಲ್ ಸೇರುವ ಹುಡುಗರು ಆ ಪ್ರಯೋಗವನ್ನು ಕಂಪ್ಯೂಟರಿನಲ್ಲಿ ನೋಡುತ್ತಾರೆ. ಆಗ ಹಾಗಲ್ಲ. ಡ್ರಮ್ಮಿಗೆ ಹೊಳಪಿನ ಕಾಗದ ಸುತ್ತಿ, ಹೊಗೆಯ ಮೇಲೆ ತಿರುಗಿಸಿ ಮಸಿ ಹಿಡಿಸಬೇಕು. ಕಪ್ಪೆಯ ಕಾಲಿನ ಸ್ನಾಯು ಕುಗ್ಗಿದಾಗಲೆಲ್ಲ ಸೂಜಿ ಆ ಮಸಿಯನ್ನು ಕೆರೆದು ಬೆಳ್ಳಗೆ ಒಂದು ಗುಡ್ಡ ಬರೆಯುತ್ತಿತ್ತು. ಆಮೇಲೆ ಕಾಗದ ಬಿಚ್ಚಿ, ವಾರ್ನಿಷಿನಲ್ಲಿ ಅದ್ದಿ, ಹಗ್ಗಕ್ಕೆ ನೇತುಹಾಕಿ ಒಣಗಿಸುವುದು. ಮಸಿ ಹಿಡಿಸುವ ಕೆಲಸ ನಮ್ಮ ಅಟೆಂಡರರದು. ಹುಡುಗರೆಲ್ಲ ಅವರನ್ನು ಕಾಕಾ ಅನ್ನುತ್ತಿದ್ದರು. ಕಾಕಾ ಹಿಡಿಸಿದ ಮಸಿ ಎಲ್ಲೂ ದಪ್ಪ ಆಗುತ್ತಿರಲಿಲ್ಲ, ಎಲ್ಲೂ ತೆಳ್ಳಗಾಗುತ್ತಿರಲಿಲ್ಲ. ಬೇರೆ ಯಾರಾದರೂ ಡ್ರಮ್ ಮುಟ್ಟಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದರೆ ಮಾತಾಡುತ್ತಿರಲಿಲ್ಲ, ಟೋಪಿ ತೆಗೆದು ಮತ್ತೆ ಹಾಕಿಕೊಳ್ಳುತ್ತಿದ್ದರು, ಅಷ್ಟೇ.

ಮಸಿಯ ಜೊತೆ ಎಲ್ಲಿಗೋ ಹೋದೆ. ಶನಿವಾರದ ವಿಷಯಕ್ಕೆ ಬರುತ್ತೇನೆ.

ಅವತ್ತು ಪ್ರಾಕ್ಟಿಕಲ್ ಮುಗಿದು ಎಲ್ಲರೂ ಹಾಸ್ಟೆಲ್ಲಿಗೆ ಓಡಿದ ಮೇಲೆ ಒಬ್ಬ ಹುಡುಗಿ ಬಾಗಿಲಲ್ಲೇ ನಿಂತಿದ್ದಳು. ಮಾರ್ಕ್ಸಿನಲ್ಲಿ ನಡುವಿನವಳು, ಕ್ಲಾಸಿನಲ್ಲಿ ಬಾಯಿಬಿಟ್ಟಿದ್ದು ನಾನು ಕಂಡಿರಲಿಲ್ಲ. "ಸರ, ನಮ್ಮಜ್ಜಿ ಎದ್ದು ನಿಂತ ಕೂಡ್ಲೆ ಕಣ್ಣಿಗೆ ಕತ್ತಲಿ ಬರ್ತದ ಅಂತಾಳ್ರಿ. ಯಾಕಿರಬೌದು?" ಅಂದಳು.

ಉತ್ತರ ನಾಲಗೆಯ ತುದಿಯಲ್ಲೇ ಇತ್ತು. ಯಾಕೋ ಹೇಳಲಿಲ್ಲ. ಕಾಕಾನನ್ನು ಬೆಂಚಿನ ಮೇಲೆ ಮಲಗಲು ಕೇಳಿಕೊಂಡೆ. ಅವರು ಟೋಪಿ ತೆಗೆದು ಎದೆಯ ಮೇಲಿಟ್ಟುಕೊಂಡು ಮಲಗಿದರು. ಹುಡುಗಿ ತೋಳಿಗೆ ಪಟ್ಟಿ ಸುತ್ತಿ, ಸ್ಟೆತೊಸ್ಕೋಪ್ ಇಟ್ಟು, ಪಾದರಸ ಇಳಿಯುವುದನ್ನೇ ನೋಡಿದಳು. ಮೇಲಿನದು 132. ಎದ್ದು ನಿಲ್ಲಿಸಿ ಮತ್ತೆ ನೋಡಿದಳು, 108. ನಂಬಿಕೆ ಬರದೆ ಇನ್ನೊಮ್ಮೆ ನೋಡಿದಳು. ನಿಂತು ಮೂರು ನಿಮಿಷದೊಳಗೆ ಮೇಲಿನ ಒತ್ತಡ 20 ಅಂಕ ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಅದಕ್ಕೊಂದು ಹೆಸರಿದೆ ಅಂತ ಅವಳಿಗೆ ಆಗ ಗೊತ್ತಿರಲಿಲ್ಲ. ಆದರೆ ಬೋರ್ಡಿನ ಮುಂದೆ ನಿಂತು, ಒಂದು ಮನುಷ್ಯನ ಚಿತ್ರ ಬರೆದು, ತಾನೇ ಕಂಡುಕೊಂಡಳು: ನಿಂತಾಗ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲಿನ ಕಡೆ, ಹೊಟ್ಟೆಯ ಕಡೆ ಇಳಿಯುತ್ತದೆ, ಕುತ್ತಿಗೆಯ ರಕ್ತನಾಳದಲ್ಲಿ ಕಾವಲಿರುವ ನರತುದಿಗಳು ಕೂಡಲೇ ಮೆದುಳಿಗೆ ಸುದ್ದಿ ಮುಟ್ಟಿಸಬೇಕು, ಆ ಕಾವಲು ತಡವಾದರೆ ಕಣ್ಣಿಗೆ ಕತ್ತಲೆ. ಸೀಮೆಸುಣ್ಣ ಹಿಡಿದ ಕೈ ನಡುಗುತ್ತಿತ್ತು, ಹೆದರಿಕೆಗಲ್ಲ.

ಕಾಕಾ ಕೇಳಿದರು, "ಹಂಗಾದ್ರ ನನ್ನ ಬಿ.ಪಿ. ಗುಳಿಗಿ ಹೆಚ್ಚಾಗೈತೇನ್ರಿ ಸರ?" ಮಾರನೆಯ ವಾರ ಮೆಡಿಸಿನ್ ಓಪಿಡಿಗೆ ಕಳಿಸಿದೆವು. ಗುಳಿಗೆ ಕಡಿಮೆ ಮಾಡಿದರು.

ಮುಂದಿನ ಶನಿವಾರ ಅವಳು ಇನ್ನಿಬ್ಬರನ್ನು ಕರೆದುಕೊಂಡು ಬಂದಳು. ಹೀಗೆ ಏಳೆಂಟು ಜನ ಕೂಡಿದರು. ಹಾಜರಿ ಇಲ್ಲ, ಸಿಲಬಸ್ ಇಲ್ಲ. ಕಾಕಾ ಚುರುಮುರಿ, ಉಳ್ಳಾಗಡ್ಡಿ, ಪುಟಾಣಿ ಹಿಟ್ಟು, ಹುಣಸೆ-ಬೆಲ್ಲದ ಗೊಜ್ಜು ಹಾಕಿ ಗಿರ್ಮಿಟ್ ಕಲಸುತ್ತಿದ್ದರು. ಮೂಲೆಯಂಗಡಿಯಿಂದ ಮಿರ್ಚಿ ಬರುತ್ತಿತ್ತು. ಅದನ್ನು ಲ್ಯಾಬಿನ ಹೊರಗೆ, ಬೇವಿನ ಗಿಡದ ಕೆಳಗೆ ಕೂತು ತಿನ್ನಬೇಕು ಅನ್ನುವುದು ಕಾಕಾನ ಕಟ್ಟಪ್ಪಣೆ.

ಆಮೇಲೆ ನಾನೊಂದು ತಪ್ಪು ಮಾಡಿದೆ.

ಇಷ್ಟು ಒಳ್ಳೆಯದು ಏಳೆಂಟು ಜನಕ್ಕೇ ಯಾಕೆ ಅನಿಸಿತು. ಶನಿವಾರ ಬಂದವರಿಗೆ ಇಂಟರ್ನಲ್ಸಿನಲ್ಲಿ 5 ಅಂಕ ಅಂತ ನೋಟಿಸು ಹಾಕಿದೆ. ಮುಂದಿನ ಶನಿವಾರ ಲ್ಯಾಬ್ ತುಂಬಿತು, ಬೆಂಚು ಸಾಲಲಿಲ್ಲ. ನನಗೆ ಎಷ್ಟು ಖುಷಿಯಾಯಿತು ಅಂದರೆ ಮನೆಗೆ ಹೋಗಿ ಹೆಂಡತಿಗೆ ಎರಡು ಸಲ ಹೇಳಿದೆ. ಎಲ್ಲರೂ ಬರೆದುಕೊಳ್ಳುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ. "ಸರ್, ಇದು ಎಕ್ಸಾಮಿಗೆ ಬರುತ್ತಾ?" ಅನ್ನುವುದೊಂದೇ ಪ್ರಶ್ನೆ. ಟರ್ಮ್ ಮುಗಿಯಿತು, ಅಂಕ ಕೊಡುವ ಅವಕಾಶವೂ ಮುಗಿಯಿತು. ಆಮೇಲಿನ ಶನಿವಾರ ಕಾಕಾ ಒಂದು ದೊಡ್ಡ ಪಾತ್ರೆಯ ಗಿರ್ಮಿಟ್ ಕಲಸಿಟ್ಟುಕೊಂಡು ಕೂತರು. ಯಾರೂ ಬರಲಿಲ್ಲ. ಹೊಸಬರು ಬರದಿದ್ದರೆ ಹೋಗಲಿ, ಆ ಮೊದಲಿನ ಏಳೆಂಟು ಜನವೂ ಬರಲಿಲ್ಲ. ಚುರುಮುರಿ ಮೆತ್ತಗಾಯಿತು. ಮಳೆ ಬಂತು ಅಂತ ನೆನಪು, ಅಥವಾ ಆ ಮಳೆಯನ್ನು ನಾನೇ ಆಮೇಲೆ ಸೇರಿಸಿಕೊಂಡಿರಬಹುದು.

ಯಾಕೆ ಹೀಗಾಯಿತು ಅಂತ ನನಗೆ ವರ್ಷಗಟ್ಟಲೆ ತಿಳಿಯಲಿಲ್ಲ. ಶಿಕ್ಷಕರ ತರಬೇತಿಯೊಂದರಲ್ಲಿ ಎಡ್ವರ್ಡ್ ಡೆಸಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರ ಪ್ರಯೋಗದ ಕಥೆ ಕೇಳಿದಾಗ ಕೂತಲ್ಲೇ ಬೆವರಿದೆ. 1971ರಲ್ಲಿ ಪ್ರಕಟವಾದದ್ದು. ಅವರು ಕಾಲೇಜು ವಿದ್ಯಾರ್ಥಿಗಳಿಗೆ ಸೋಮಾ ಅನ್ನುವ ಒಗಟು ಕೊಟ್ಟರು, ಏಳು ತುಂಡು ಜೋಡಿಸಿ ಆಕಾರ ಮಾಡುವಂಥದ್ದು. ಒಂದು ಗುಂಪಿಗೆ ನಡುವಿನ ದಿನ ಬಿಡಿಸಿದ ಪ್ರತಿ ಒಗಟಿಗೂ ಒಂದು ಡಾಲರ್. ಇನ್ನೊಂದಕ್ಕೆ ಏನೂ ಇಲ್ಲ. ಮೂರನೆಯ ದಿನ ಎರಡೂ ಗುಂಪಿಗೆ ದುಡ್ಡಿಲ್ಲ. ನಡುವೆ ಡೆಸಿ ಏನೋ ನೆಪ ಹೇಳಿ 8 ನಿಮಿಷ ಹೊರಗೆ ಹೋಗುತ್ತಿದ್ದರು. ಮೇಜಿನ ಮೇಲೆ ಮ್ಯಾಗಜೀನುಗಳಿದ್ದವು. ದುಡ್ಡಿನ ರುಚಿ ಕಂಡವರು ಆ 8 ನಿಮಿಷದಲ್ಲಿ ಒಗಟನ್ನು ಮುಟ್ಟುವುದು ಕಡಿಮೆಯಾಗಿತ್ತು. ಇನ್ನೊಂದು ಪ್ರಯೋಗದಲ್ಲಿ ಬಾಯಿಮಾತಿನಲ್ಲಿ ಭೇಷ್ ಅನ್ನಿಸಿಕೊಂಡವರಲ್ಲಿ ಮಾತ್ರ ಆಸಕ್ತಿ ಹಾಗೆ ಬತ್ತಲಿಲ್ಲ. ನನ್ನ 5 ಅಂಕ ಆ ಡಾಲರಿನ ತಮ್ಮ.

ಡೆಸಿ ಮತ್ತು ರಿಚರ್ಡ್ ರಯಾನ್ ರೋಚೆಸ್ಟರಿನಲ್ಲಿ ಇದನ್ನು ದೊಡ್ಡ ಸಿದ್ಧಾಂತವಾಗಿ ಬೆಳೆಸಿದರು. ಅವರ ಲೆಕ್ಕದಲ್ಲಿ ಮನುಷ್ಯನಿಗೆ ಮೂರು ಬೇಕು: ನಾನೇ ಆರಿಸಿಕೊಂಡೆ ಅನ್ನುವ ಭಾವ, ನನ್ನ ಕೈಲಾಗುತ್ತೆ ಅನ್ನುವ ಭರವಸೆ, ಇವರು ನನ್ನವರು ಅನ್ನುವ ನಂಟು. ಬೇವಿನ ಗಿಡದ ಕೆಳಗೆ ಮೂರೂ ಇದ್ದವು.

ಇದನ್ನೇ ವೈದ್ಯ ಶಿಕ್ಷಣಕ್ಕೆ ತಂದು ಜೀವಮಾನದ ಕೆಲಸ ಮಾಡಿಕೊಂಡವರಲ್ಲಿ ರಶ್ಮಿ ಕುಸೂರ್ಕರ್ ಒಬ್ಬರು. ಅವರೂ ಮುಂಬೈಯಲ್ಲಿ ಫಿಸಿಯಾಲಜಿ ಕಲಿಸಿದವರು ಅಂತ ತಿಳಿದಾಗ ನನಗೆ ನಮ್ಮ ಮನೆಯವರೇ ಸಿಕ್ಕಂತಾಯಿತು. ನೆದರ್ಲೆಂಡ್ಸಿಗೆ ಹೋಗಿ, 2012ರಲ್ಲಿ ಉಟ್ರೆಕ್ಟಿನಿಂದ ವೈದ್ಯ ವಿದ್ಯಾರ್ಥಿಗಳ ಪ್ರೇರಣೆಯ ಬಗ್ಗೆಯೇ ಪಿಎಚ್‌ಡಿ ಪಡೆದು, ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರಾಧ್ಯಾಪಕಿಯಾದರು. 844 ವಿದ್ಯಾರ್ಥಿಗಳನ್ನು ನೋಡಿ ಅವರ ತಂಡ ನಾಲ್ಕು ಬಗೆ ಕಂಡಿತು. ಆಸಕ್ತಿಗೇ ಓದುವವರು ಹೆಚ್ಚು ಹೊತ್ತು ಓದುತ್ತಿದ್ದರು, ಅಂಕವೂ ಚೆನ್ನಾಗಿತ್ತು, ಪ್ರತಿಷ್ಠೆಗೋ ಒತ್ತಡಕ್ಕೋ ಓದುವವರಿಗಿಂತ ದಣಿವೂ ಕಡಿಮೆ. ನನಗೆ ಅವರಲ್ಲಿ ಬಹಳ ಹಿಡಿಸಿದ್ದು ಇನ್ನೊಂದು. ಪ್ರೇರಣೆ ಹುಟ್ಟಿನಿಂದ ಬಂದ ಗಂಟು ಅಂತ ಅವರು ಕೈಬಿಡುವುದಿಲ್ಲ. ಮೇಷ್ಟರು ಕಲಿಸುವ ರೀತಿಯಿಂದ ಅದು ಏರುತ್ತದೆ, ಇಳಿಯುತ್ತದೆ ಅನ್ನುತ್ತಾರೆ. ಮೇಷ್ಟರಿಗೆ ಅವರು ಕೊಟ್ಟ ಸಲಹೆಗಳಲ್ಲಿ ನೀರಸ ಪಾಠದ ಬೆಲೆ ಏನು ಅಂತ ಮಕ್ಕಳಿಗೆ ತಿಳಿಸಿಹೇಳಿ ಅನ್ನುವುದೂ ಇದೆ. ನಾನು ಮೂವತ್ತು ವರ್ಷ ನೀರಸ ಪಾಠಗಳನ್ನು ಗದರಿಸಿ ಮಾಡಿದೆ.

ಆ ಹುಡುಗಿ ಈಗ ತಾಲೂಕು ಊರಿನಲ್ಲಿ ಡಾಕ್ಟರು. ಹೋದ ದೀಪಾವಳಿಗೆ ಮನೆಗೆ ಬಂದಿದ್ದಳು. ಯಾಕೆ ಬರುವುದು ಬಿಟ್ಟಿರಿ ಅಂತ ಕೊನೆಗೂ ಕೇಳಿದೆ. ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಮಾರ್ಕ್ಸ್ ಅಂದಮ್ಯಾಲೆ ಪ್ರಶ್ನೆ ಕೇಳಾಕ ನಾಚಿಕಿ ಬಂತ್ರಿ ಸರ. ಮಾರ್ಕ್ಸಿಗೆ ಕೇಳ್ತಾಳ ಅನ್ಕೋತಾರ ಅನ್ನಿಸ್ತು" ಅಂದಳು.

ಈಗಿನ ಪಠ್ಯಕ್ರಮದಲ್ಲಿ ಮೊದಲ ವರ್ಷದಲ್ಲೇ ಮಕ್ಕಳನ್ನು ರೋಗಿಯ ಹತ್ತಿರ ಕರೆದೊಯ್ಯುತ್ತಾರೆ. ಬಹಳ ಒಳ್ಳೆಯದಾಯಿತು. ಪಾಠ ಮಾಡುತ್ತಿರುವ ನನ್ನ ಕಿರಿಯರಲ್ಲಿ ಒಂದೇ ಕೋರಿಕೆ: ವಾರಕ್ಕೆ ಒಂದು ಗಂಟೆಯನ್ನಾದರೂ ಹಾಜರಿ ಪುಸ್ತಕದ ಹೊರಗೆ ಇಡಿ. ಎಷ್ಟು ಜನ ಬಂದರು ಅಂತ ಎಣಿಸಬೇಡಿ.