ಟೊಮ್ಯಾಟೊ ಬೇಯುತ್ತಿದ್ದ ಊರಿನ ಕಾಲೇಜು

ಕ್ಯಾಲಿಫೋರ್ನಿಯಾದ ಹೇವರ್ಡಿಗೆ ನಾವು ಹೋದ ಕಾಲಕ್ಕೆ, ಬೇಸಗೆಯ ಕೊನೆಗೆ ಊರಿಗೆ ಊರೇ ಟೊಮ್ಯಾಟೊ ಬೇಯುವ ವಾಸನೆ ಹೊಡೆಯುತ್ತಿತ್ತು. ಹಂಟ್ಸ್ ಕಂಪನಿಯ ಡಬ್ಬಿ ಕಾರ್ಖಾನೆಯದು. ನಡುಮನೆಯ ಪರದೆಗೂ ಅದು ಹತ್ತಿಕೊಳ್ಳುತ್ತಿತ್ತು. 1981ರಲ್ಲಿ ಆ ಕಾರ್ಖಾನೆ ಮುಚ್ಚಿತು. ಮರುವರ್ಷ ಫ್ರೀಮಾಂಟಿನ ಜನರಲ್ ಮೋಟಾರ್ಸ್ ಕೂಡ ಬಾಗಿಲು ಹಾಕಿತು. ಪ್ರಾಯವೆಲ್ಲ ಹಣ್ಣು ಆರಿಸಿ, ಬೋಲ್ಟು ಬಿಗಿದು ಕಳೆದವರು ನಲವತ್ತು ದಾಟಿದ ಮೇಲೆ ಕೆಲಸವಿಲ್ಲದೆ ಕೂತರು. ಅಂಥವರನ್ನು ಶಬೋ ಕಾಲೇಜಿಗೆ ಕರೆದು ಸೇರಿಸುವ ಅರೆಹೊತ್ತಿನ ಕೆಲಸ ನನಗೆ ಸಿಕ್ಕಿತು.

ಅದು ಕಮ್ಯೂನಿಟಿ ಕಾಲೇಜು. ಹೈಸ್ಕೂಲು ಮುಗಿಸದಿದ್ದರೂ ಹದಿನೆಂಟು ತುಂಬಿದವರು ಸೇರಬಹುದಿತ್ತು. ಆದರೆ ಆ ಸಂಗತಿ ಅವರ ಕಿವಿಗೆ ಬೀಳಬೇಕಲ್ಲ! ಅಗ್ಗದ ಕಾಗದದಲ್ಲಿ ಅಚ್ಚಾದ ಪಾಠಪಟ್ಟಿಯ ಕಟ್ಟನ್ನು ಊರಿಂದ ತಂದಿದ್ದ ವೈರು ಬುಟ್ಟಿಗೆ ತುಂಬಿಕೊಂಡು, ಮೇಲೆ ಬುತ್ತಿ ಇಟ್ಟುಕೊಂಡು ಹೊರಡುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಚಿತ್ರಾನ್ನಕ್ಕೂ ಶಾಯಿಯ ವಾಸನೆ. ಕಲಿತಿದ್ದ ನಾಲ್ಕಾರು ಸ್ಪ್ಯಾನಿಷ್ ವಾಕ್ಯಗಳಲ್ಲೇ ಊರನ್ನೆಲ್ಲ ಓದಿಸಿಬಿಡುವ ಉಮೇದು ನನ್ನದು. ಆ ವಯಸ್ಸೇ ಹಾಗೆ.

ಕಾಸು ಹಾಕಿ ಬಟ್ಟೆ ಒಗೆಯುವ ಅಂಗಡಿಗಳು ನನಗೆ ಬಲು ಇಷ್ಟ. ಯಂತ್ರ ನಿಲ್ಲುವವರೆಗೆ ಯಾರೂ ಎದ್ದು ಹೋಗುವಂತಿರಲಿಲ್ಲ. ಅಲ್ಲೊಬ್ಬ ಮೆಕ್ಸಿಕನ್ ಹೆಂಗಸು ಹಾಸಿಗೆ ವಸ್ತ್ರ ಮಡಿಸುತ್ತ ನನ್ನ ಮಾತನ್ನೆಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು: ‘ಮಗುವನ್ನು ಎಲ್ಲಿ ಬಿಡಲಿ?’ ಯಾವ ಪಾಠ, ಎಷ್ಟು ವರ್ಷ, ಯಾವುದೂ ಅವಳಿಗೆ ಬೇಕಿರಲಿಲ್ಲ. ಅಂದಿನಿಂದ ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಟಿನ ಕಾಗದವೇ ಬುಟ್ಟಿಯಲ್ಲಿ ಮೇಲಿರುತ್ತಿತ್ತು.

ಹೆಸರು ಬರೆಸಿದವರು ಉಳಿಯಬೇಕಲ್ಲ, ಅದೇ ಕಷ್ಟದ ಕೆಲಸ. ಅದೇ ಕಾಲೇಜಿನ ಇಂಗ್ಲಿಷ್ ಮೇಡಂ ಪೆಟ್ರೀಷಿಯಾ ಮೆಕ್‌ಗ್ರಾತ್ ಮತ್ತು ಸಲಹೆಗಾರ ಫೆಲಿಕ್ಸ್ ಗಲಾವಿಜ್ ಲ್ಯಾಟಿನೋ ವಿದ್ಯಾರ್ಥಿಗಳ ಕಡತಗಳನ್ನು ಬಿಚ್ಚಿ ನೋಡಿದರು. ಆ ಮಕ್ಕಳು ಸಲಹೆಗಾರರ ಬಳಿ ಸುಳಿಯುತ್ತಿರಲಿಲ್ಲ, ಇಂಗ್ಲಿಷ್ ಪ್ರಬಂಧದ ತರಗತಿಗೆ ಸೇರುತ್ತಿರಲಿಲ್ಲ, ಮನೆಯಲ್ಲಿ ಕಾಲೇಜು ಕಂಡವರಲ್ಲಿ ಅವರೇ ಮೊದಲಿಗರು. 1981ರಲ್ಲಿ ಇಬ್ಬರೂ ‘ಪ್ವೆಂತೆ’ ಶುರುಮಾಡಿದರು: ಬರವಣಿಗೆಯ ಪಾಠ, ಸಲಹೆ, ಜೊತೆಗೆ ಅವರದೇ ಸಮುದಾಯದಲ್ಲಿ ಓದಿ ಮುಂದೆ ಬಂದ ಒಬ್ಬ ಮಾರ್ಗದರ್ಶಿ. ನಾನು ಹಂಚಿದ ಕಾಗದಗಳನ್ನೆಲ್ಲ ಒಟ್ಟಿದರೂ ಆ ಕೆಲಸಕ್ಕೆ ಸಾಟಿಯಾಗದು.

1984ರವರೆಗೆ ರಾಜ್ಯದವರಿಗೆ ಓದು ಪುಕ್ಕಟೆ. ಆ ವರ್ಷ ಯೂನಿಟ್ಟಿಗೆ 5 ಡಾಲರಿನಂತೆ, ಸೆಮಿಸ್ಟರಿಗೆ ಹೆಚ್ಚೆಂದರೆ 50 ಡಾಲರಿನ ಶುಲ್ಕ ಬಂತು. ಬಡವರಿಗೆ ಮಾಫಿಯ ಅರ್ಜಿಯೂ ಬಂತು. ಕಾರು ಕಾರ್ಖಾನೆ ಬಿಟ್ಟ ಹಿರಿಯನೊಬ್ಬನಿಗೆ ಆ ಅರ್ಜಿ ಕೊಟ್ಟೆ. ಬಡವನೆಂದು ಸಹಿ ಹಾಕಲು ಅವನು ಸುತರಾಂ ಒಪ್ಪಲಿಲ್ಲ. ಮೂರು ಯೂನಿಟ್ಟಿನ ಒಂದೇ ಪಾಠ ಆರಿಸಿಕೊಂಡು, ಮಡಿಕೆ ಬಿದ್ದ 15 ಡಾಲರು ಎಣಿಸಿಟ್ಟ. ದುಡ್ಡು ಸಣ್ಣದಿರಬಹುದು, ಆದರೆ ಕೆಲಸವಿಲ್ಲದವನ ಮಾನಕ್ಕೆ ಅದೇ ದೊಡ್ಡ ತಡೆ ಎಂದು ನನಗೆ ತಿಳಿದದ್ದು ಆಗಲೇ.

ಆಮೇಲೆ ಎಲ್ಲ ಬದಲಾಯಿತು, ಬದಲಾಗಲೇಬೇಕಿತ್ತು. ಫ್ರೀಮಾಂಟಿನ ಆ ಜಾಗದಲ್ಲೀಗ ಟೆಸ್ಲಾ ಕಾರು ತಯಾರಾಗುತ್ತದೆ. 2012ರಿಂದ ಯೂನಿಟ್ಟಿಗೆ 46 ಡಾಲರು. ನೆಲಕ್ಕೆ ಬಳಿದ ಪಾಲಿಶಿನ ವಾಸನೆ ಕುಡಿಯುತ್ತ ಸಾಲು ನಿಲ್ಲುವ ಪಾಡೂ ಇಲ್ಲ, ಅರ್ಜಿ ಫೋನಿನಲ್ಲೇ. ಆದರೆ ಸಹಾಯಧನ ಲಪಟಾಯಿಸಲು ಇಲ್ಲದ ಜನರ ಹೆಸರಲ್ಲಿ ಯಂತ್ರದಿಂದ ತುಂಬಿದ ಅರ್ಜಿಗಳೂ ಅಲ್ಲಿಗೇ ಬರುತ್ತವೆ. ಅಂಥ ಹೆಸರುಗಳು ಹಿಡಿದ ಸೀಟು ನಿಜವಾದ ತಾಯೊಬ್ಬಳಿಗೆ ತಪ್ಪುತ್ತದೆ ಎಂದರೆ ನನಗೆ ಸಂಕಟವಾಗುತ್ತದೆ.

ಈಗ ಅಲ್ಲಿ ನಮ್ಮ ಕನ್ನಡದ ಹೆಣ್ಣುಮಕ್ಕಳೂ ಇದ್ದಾರೆ. ಗಂಡನ ನೌಕರಿಯ ವೀಸಾಕ್ಕೆ ಅಂಟಿಕೊಂಡ ಎಚ್-4 ವೀಸಾದಲ್ಲಿ ಬಂದು, ಊರಿನ ಡಿಗ್ರಿಯನ್ನು ಸಂದೂಕದಲ್ಲಿ ಮುಚ್ಚಿಟ್ಟು ಕೂತವರು. ನಿಮ್ಮ ಮಗಳೋ ಸೊಸೆಯೋ ಹಾಗಿದ್ದರೆ ನೀವೇ ಪಕ್ಕದಲ್ಲಿ ಕೂತು ಅರ್ಜಿ ತುಂಬಿಸಿ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ ಒಂದು ವರ್ಷ ಒಂದು ದಿನವಾಗಿದೆ ಎಂಬ ದಾಖಲೆ ಜೋಡಿಸಿಡಿ. ಎಚ್-4ನವರಿಗೂ ಸ್ಥಳೀಯರ ಶುಲ್ಕ ಸಿಗುತ್ತದೆ. ಅರ್ಜಿಗೆ ಮಾತ್ರ ಇವತ್ತಿಗೂ ಕಾಸು ಕೊಡಬೇಕಾಗಿಲ್ಲ.