ಮಮಕಾರದ ಲೇಖನಿ

ಬೆಳಗಾವಿಯ ಕೋಟೆಯೊಳಗಿನ ಕಮಲ ಬಸದಿಯನ್ನು ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರಲ್ಲಿ ಕಟ್ಟಿಸಿದನು. ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ ಕದಂಬ ಮೃಗೇಶವರ್ಮನು ತಂದೆಯ ಮೇಲಣ ಭಕ್ತಿಯಿಂದ ಜಿನಾಲಯವನ್ನು ನಿರ್ಮಿಸಿದ ಸಂಗತಿ ಅವನ ತಾಮ್ರಶಾಸನದಲ್ಲಿದೆ. ಶಾಸನವೂ ದಾನಿಯ ಪಕ್ಷದ ಮಾತೇ ಸರಿ. ಆದರೆ ಹೇಳುತ್ತಿರುವವರು ಯಾರೆಂಬುದನ್ನು ಅದು ಮರೆಮಾಚುವುದಿಲ್ಲ.

ಖಾನಾಪುರದ ಶ್ರಾವಕ ಮನೆತನದ ಯುವಕನೊಬ್ಬನು ಬೆಳಗಾವಿಯಲ್ಲಿ ಉದ್ಯೋಗದಲ್ಲಿದ್ದನು. ಯಾರು ಬೇಕಾದರೂ ಬರೆದು ತಿದ್ದಬಹುದಾದ ವಿಶ್ವಕೋಶ ವಿಕಿಪೀಡಿಯದಲ್ಲಿ ತನ್ನ ಊರಿನ ಬಸದಿಯ ಪುಟಕ್ಕೆ ಅವನು ಜೀರ್ಣೋದ್ಧಾರದ ವಿವರವನ್ನು ಸೇರಿಸಿದನು. ಅದರಲ್ಲಿ ಅಜ್ಜನ ಹೆಸರು ಬಂದಿತು. ಜೊತೆಗೆ ದುಡಿದ ಇತರ ಮನೆತನಗಳ ಹೆಸರು ಬರಲಿಲ್ಲ. ಬರೆದುದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಬಸದಿಯ ಟ್ರಸ್ಟಿನಲ್ಲಿದ್ದ ತಂದೆಯವರು ಓದಿ, “ತಮ್ಮಾ, ಇದನ್ನ ಮೊಮ್ಮಗನ ಬರದಾನಂತ ಓದಾವ್ರಿಗೆ ಹೆಂಗ ಗೊತ್ತಾಗಬೇಕು?” ಎಂದರು.

ಯುವಕನಲ್ಲಿ ಉತ್ತರವಿರಲಿಲ್ಲ. ವಿಷಯದೊಡನೆ ಸಂಬಂಧವುಳ್ಳವರು ತಾವೇ ತಿದ್ದದೆ, ಸಂಬಂಧವನ್ನು ತಿಳಿಸಿ ಚರ್ಚಾಪುಟದಲ್ಲಿ ಸೂಚಿಸಬೇಕೆಂಬುದು ಆ ವಿಶ್ವಕೋಶದ ಮಾರ್ಗಸೂಚಿ. ಹಣ ಪಡೆದು ಬರೆಯುವವರು ಅದನ್ನು ಪ್ರಕಟಪಡಿಸುವುದು 2014ರಿಂದ ಕಡ್ಡಾಯವೇ ಆಗಿದೆ. ಅವನು ತನ್ನ ವಾಕ್ಯವನ್ನು ತೆಗೆದು, ತಾನು ಯಾರೆಂಬುದನ್ನು ಚರ್ಚಾಪುಟದಲ್ಲಿ ತಿಳಿಸಿ, ಬಿಟ್ಟುಹೋದ ಮನೆತನಗಳನ್ನೂ ಹೆಸರಿಸಿ, ತೀರ್ಮಾನವನ್ನು ಇತರರಿಗೆ ಬಿಟ್ಟನು. ಅಜ್ಜನ ಹೆಸರು ಪುಟದಲ್ಲಿ ಉಳಿಯುವುದೆಂಬ ಭರವಸೆ ಅವನಿಗಿರಲಿಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ ಎಣಿಸಿದೆ. ಸುಳ್ಳು ಪತ್ರ ಬರೆಯುವುದು ಅದರ ನೇರ ಅರ್ಥ. ನಿಜವನ್ನೇ ಬರೆದರೂ ಬರೆದ ಕೈಯನ್ನು ಮುಚ್ಚಿಟ್ಟರೆ, ಆ ದೋಷದ ನೆರಳು ಬರಹದ ಮೇಲೆ ಬೀಳದಿರದು. ಟ್ರಸ್ಟಿನ ವರದಿ, ಸ್ಮರಣಸಂಚಿಕೆಗಳನ್ನು ಬರೆಯುವ ಶ್ರಾವಕರೂ ಇದನ್ನು ನೆನೆಯುವುದು ಒಳಿತು.