ಶುಕ್ರವಾರದ ಪೊಟ್ಟಣ

ಕಂದಾಯ ಇಲಾಖೆಗೆ ತುಮಕೂರು ಒಂದು ಜಿಲ್ಲೆ, ಶಿಕ್ಷಣ ಇಲಾಖೆಗೆ ಎರಡು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಆ ಗಡಿಯೊಳಗೇ ವರ್ಗವಾಗುತ್ತ, ಪ್ರೈಮರಿ ಶಾಲೆಯ ಟೀಚರಾಗಿಯೇ ನಿವೃತ್ತಳಾದವಳು ನಾನು. ಮಗ್ಗಿ, ಕಾಗುಣಿತ ಎಲ್ಲ ಕಡೆಯೂ ಒಂದೇ. ಊರಿಂದೂರಿಗೆ ಬೇರೆಯಾಗುತ್ತಿದ್ದದ್ದು ಶುಕ್ರವಾರ ಮಕ್ಕಳು ತರುತ್ತಿದ್ದ ಪೊಟ್ಟಣ.

ಶುಕ್ರವಾರ ಸರಸ್ವತಿ ಪೂಜೆ. ವಾರಕ್ಕೆ ಇಬ್ಬರೋ ಮೂವರೋ ಮಕ್ಕಳದ್ದು ಸರದಿ. ಇಡೀ ತರಗತಿಗೆ ಹಂಚುವಷ್ಟು ಪ್ರಸಾದ ಆ ಮನೆಯವರು ಕಟ್ಟಿಕೊಡಬೇಕು. ಹೊಳೆಸಾಲಿನಲ್ಲಿ ತೆಂಗಿನ ತೋಟಗಳಿರುವ ಕೊರಟಗೆರೆ ಕಡೆ ಕೊಬ್ಬರಿ ಚೂರು, ಬೆಲ್ಲ, ಹುರಿಗಡಲೆ. ಮಧುಗಿರಿಯ ಹಳ್ಳಿಗಳಲ್ಲಿ ರಾಗಿ ಅರಳನ್ನು ಬೀಸಿದ ಹುರಿಹಿಟ್ಟಿಗೆ ಬೆಲ್ಲ ಕಲಸಿದ ಉಂಡೆ. ಸಿರಾ ಸೀಮೆಯಲ್ಲಿ ಕಡ್ಲೆಪುರಿ, ಅದರ ಜೊತೆಗೆ ನನಗೆ ಗೊತ್ತಾಗದ ಹಾಗೆ ಹುಣಸೆ ಕುಟ್ಟುಂಡೆ. ಹುಣಸೆಹಣ್ಣಿಗೆ ಉಪ್ಪು, ಜೀರಿಗೆ, ಒಣಮೆಣಸಿನಕಾಯಿ, ಬೆಲ್ಲ ಹಾಕಿ ಕುಟ್ಟಿ, ಕಡ್ಡಿಗೆ ಚುಚ್ಚಿದ್ದು. ಅದು ಪ್ರಸಾದವಲ್ಲ, ದೇವರ ಮುಂದೆ ಬರುತ್ತಲೂ ಇರಲಿಲ್ಲ. ಆದರೆ ಪೂಜೆ ಮುಗಿಯುವ ಹೊತ್ತಿಗೆ ಹಿಂದಿನ ಬೆಂಚಿನ ತುಂಬ ಲೊಟ್ಟೆ ಹೊಡೆಯುವ ಸದ್ದು. ಪಾವಗಡಕ್ಕೆ ಹೋದಮೇಲೆ ಮಾತ್ರ ಕಡ್ಲೆಬೀಜ, ಮತ್ತೆ ಕಡ್ಲೆಬೀಜ, ಇನ್ನೊಂದು ವಾರವೂ ಕಡ್ಲೆಬೀಜ.

ಕಟ್ಟುತ್ತಿದ್ದದ್ದು ಯಾವುದರಲ್ಲಿ? ಮುತ್ತುಗದ ಎಲೆ ಸಿಕ್ಕಿದ ಕಡೆ ಎಲೆ ಸುತ್ತಿ ಕಡ್ಡಿ ಚುಚ್ಚುತ್ತಿದ್ದರು. ಇಲ್ಲವಾದರೆ ಹಳೇ ಪೇಪರು, ಅಣ್ಣಂದಿರ ಹೋದ ವರ್ಷದ ನೋಟ್‌ಬುಕ್ಕು, ರಾಗಿಗಂಜಿಯ ಅಂಟು. ಪುರಿ ತಿಂದು ಮುಗಿಸಿದ ಮಗು ಪೊಟ್ಟಣ ಬಿಚ್ಚಿ, ಅದರಲ್ಲಿದ್ದ ಯಾರದೋ ಭಾಗಾಕಾರದ ತಪ್ಪು ತೋರಿಸುತ್ತಿತ್ತು. ತಿಂಡಿಯನ್ನು ನ್ಯೂಸ್‌ಪೇಪರಿನಲ್ಲಿ ಕಟ್ಟಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮ ಹೇಳುತ್ತದೆ. ಇಂಕು ಒಳ್ಳೆಯದಲ್ಲ, ನಿಜ. ಅಷ್ಟು ವರ್ಷ ನಾವು ತಿಂದದ್ದು ಅದರಲ್ಲೇ.

ಪಾವಗಡದ ಪೊಟ್ಟಣದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ಅದರ ಹಿಂದೆ ಮಕ್ಕಳ ಕೈಯೇ ಇತ್ತು. ಬೇಸಿಗೆ ರಜೆಯಲ್ಲಿ ಬಿತ್ತನೆಗೆ ಕಡ್ಲೆಕಾಯಿ ಬಿಡಿಸುವ ಕೆಲಸ. ಕಾಯಿಗೆ ನೀರು ಚಿಮುಕಿಸಿ, ಮೆತ್ತಗಾದಮೇಲೆ ಒಂದೊಂದನ್ನೇ ಒತ್ತಿ ಒಡೆಯಬೇಕು. ಬೀಜದ ಸಿಪ್ಪೆ ಸುಲಿಯಬಾರದು, ಬೇಳೆ ಎರಡಾಗಬಾರದು. ಹಾಗಾದರೆ ಮೊಳಕೆ ಬರುವುದಿಲ್ಲ. ತಮಿಳುನಾಡಿನ ತಿಂಡಿವನಂನಿಂದ 1940ರಲ್ಲಿ ಹೊರಬಂದ ಟಿಎಂವಿ-2 ತಳಿಯನ್ನೇ ನಮ್ಮ ಮಳೆಯಾಶ್ರಿತ ಹೊಲಗಳು ನೆಚ್ಚಿಕೊಂಡಿದ್ದವು. ಸಣ್ಣ ಬೀಜ, ಸೇರು ತುಂಬಬೇಕಾದರೆ ಹೊತ್ತು ಮುಳುಗುತ್ತಿತ್ತು. ಅಜ್ಜಿ, ಸೊಸೆ, ಮಕ್ಕಳು ಜಗುಲಿಯಲ್ಲಿ ರಾಶಿಯ ಸುತ್ತ ಕೂತು ಬಿಡಿಸುವರು, ಸೇರಿಗಿಷ್ಟು ಎಂದು ಕೂಲಿ. ಜೂನ್‌ನಲ್ಲಿ ಶಾಲೆ ತೆರೆದಾಗ ಬಳಪ ಹಿಡಿಯಲಾರದೆ ಹೆಬ್ಬೆರಳು ಮುದುರಿಕೊಂಡು ಕೂತವರನ್ನು ನೋಡಿದರೆ ಯಾರ ಮನೆಯಲ್ಲಿ ಎಷ್ಟು ಬಿಡಿಸಿದ್ದಾರೆಂದು ಹಾಜರಿಗಿಂತ ಮೊದಲೇ ತಿಳಿಯುತ್ತಿತ್ತು.

ಬಿಡಿಸುವಾಗ ಒಡೆದ ಬೀಜ ಬಿತ್ತನೆಗೆ ಬಾರದು. ಅದೇ ಮಿಠಾಯಿಗೆ. ಹಾಗಾಗಿ ಶಾಲೆ ತೆರೆದ ಮೊದಲ ಶುಕ್ರವಾರಗಳಲ್ಲೆಲ್ಲ ಕಡ್ಲೆಮಿಠಾಯಿ. ಬೀಜ ಹುರಿದು ಸಿಪ್ಪೆ ಹಾರಿಸಿ, ಮುಗ್ಗಿದ್ದು ಕಪ್ಪಗಾದದ್ದು ಆರಿಸಿ, ಬೆಲ್ಲದ ಪಾಕಕ್ಕೆ ಸುರಿಯುವುದು. ಪಾಕದ ಹನಿಯನ್ನು ನೀರಿಗೆ ಬಿಟ್ಟು, ಗಟ್ಟಿಯಾದದ್ದನ್ನು ತಟ್ಟೆಗೆ ಎಸೆದರೆ ಟಣ್ ಅನ್ನಬೇಕು. ಅನ್ನದಿದ್ದರೆ ಮಿಠಾಯಿ ಹಲ್ಲಿಗೆ ಅಂಟುತ್ತದೆ. ಅಂಟಿದರೂ ಯಾವ ಮಗುವೂ ದೂರಿದ್ದಿಲ್ಲ.

ಹುಟ್ಟುಹಬ್ಬದ ಹೆಸರಲ್ಲಿ ಹಂಚುವುದು ಆಗ ಇರಲೇ ಇಲ್ಲ. ಇರುವುದಾದರೂ ಹೇಗೆ? ಮಗುವಿನ ಹುಟ್ಟಿದ ದಿನ ತಾಯಿಗೆ ಮಳೆಯ ಲೆಕ್ಕದಲ್ಲಿ ನೆನಪು, ಹೆಡ್‌ಮೇಷ್ಟ್ರು ದಾಖಲಾತಿ ಪುಸ್ತಕದಲ್ಲಿ ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ಆ ಪುಸ್ತಕವನ್ನು ನಂಬಿದರೆ ಅರ್ಧ ತರಗತಿ ಒಂದೇ ದಿನ ಹುಟ್ಟಿತ್ತು! ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಟಿವಿ ಬಂತು, ಆಸ್ಪತ್ರೆಯಲ್ಲಿ ಹೆರಿಗೆಯಾದವರ ಕೈಗೆ ಜನನ ಪತ್ರ ಬಂತು, ಹಿಂದೆಯೇ ಎಕ್ಲೇರ್ಸ್, ಕಾಫಿ ಬೈಟ್ ಬಂದವು. ಹೊಸ ಬಟ್ಟೆಯ ಮಗು ಬೆಂಚಿನಿಂದ ಬೆಂಚಿಗೆ ಹೋಗಿ ತಲೆಗೊಂದು ಚಾಕ್ಲೇಟ್, ಗೆಳೆಯರಿಗೆ ಎರಡು, ಟೀಚರಿಗೆ ಮೂರು. ಶುಕ್ರವಾರದ ಪೊಟ್ಟಣ ಸರದಿಯ ಪ್ರಕಾರ ಬಡವರ ಮನೆಯಿಂದಲೂ ಬರುತ್ತಿತ್ತು. ಚಾಕ್ಲೇಟಿಗೆ ಸರದಿ ಇಲ್ಲ, ದುಡ್ಡಿದ್ದವರದ್ದು ಮಾತ್ರ. ನನಗೆ ಅದು ಆಗಲೂ ಹಿಡಿಸಲಿಲ್ಲ, ಈಗಲೂ ಹಿಡಿಸುವುದಿಲ್ಲ.

ಗಡಿಯ ಊರೊಂದರಲ್ಲಿ ಒಬ್ಬ ತಾಯಿ ಸೆರಗಿನ ಮರೆಯಲ್ಲಿ ಸ್ಟೀಲ್ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಮೇಡಮ್ಮೋರೆ, ಮಗೀಗೆ ಚಾಕ್ಲೇಟೇ ಬೇಕಂತೆ. ನಮ್ ತಾವ ಇದೇ ಇರೋದು. ನೀವೇ ಕೊಟ್ಟಂಗೆ ಹಂಚ್‌ಬುಡಿ ತಾಯಿ" ಅಂದರು. ಡಬ್ಬಿಯಲ್ಲಿ ಇನ್ನೂ ಬಿಸಿ ಆರದ ಮಿಠಾಯಿ. ಹಂಚಿದೆವು. ಚಾಕ್ಲೇಟು ಕೇಳಿದ ಮಗನೇ ಎರಡನೇ ಸಲ ಕೈ ಚಾಚಿದ.

ಇತ್ತ ಶಾಲೆಯ ಊಟವೂ ಬದಲಾಗುತ್ತಿತ್ತು. ನಾನು ಓದುವಾಗ ಕೇರ್ ಸಂಸ್ಥೆಯ ಗೋಧಿ ಉಪ್ಪಿಟ್ಟು. 2003ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ, 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ ಹಾಲು. ಮನೆಯಲ್ಲಿ ತಿನ್ನಲಿಲ್ಲದ ಮಕ್ಕಳ ಮುಖಕ್ಕೆ ಇವು ತಂದ ಕಳೆಯನ್ನು ಕಣ್ಣಾರೆ ಕಂಡಿದ್ದೇನೆ, ಆ ಬಗ್ಗೆ ಕೊಂಕು ನುಡಿಯಲಾರೆ. 2022ರಲ್ಲಿ ನಮ್ಮ ಕಡೆಗೂ ಮೊಟ್ಟೆ ಬಂತು. ಬೇಡವೆಂದವರಿಗೆ ಬಾಳೆಹಣ್ಣು ಇಲ್ಲವೇ ಶೇಂಗಾ ಚಿಕ್ಕಿ. ಕಡ್ಲೆಕಾಯಿ ಸೀಮೆಯ ಮಕ್ಕಳಿಗೆ ಕಡ್ಲೆಮಿಠಾಯಿ ಎಲ್ಲಿಂದಲೋ ಪ್ಯಾಕೆಟ್ಟಿನಲ್ಲಿ, ಕೊನೆಯ ದಿನಾಂಕ ಅಚ್ಚು ಹಾಕಿಸಿಕೊಂಡು ಬಂತು. 2025ರ ಆರಂಭದಲ್ಲಿ, ಗುಣಮಟ್ಟದ ದೂರುಗಳ ನಡುವೆ, ಅದನ್ನು ಇಲಾಖೆಯೇ ನಿಲ್ಲಿಸಿತು.

ಬೀಜ ಒಡೆಯುತ್ತಿದ್ದ ಜಗುಲಿಗಳೂ ಈಗ ಕಡಿಮೆ. ಬಿಡಿಸುವ ಮಿಷನ್ ಬಂದಿದೆ, ಮಳೆ ಕೈಕೊಟ್ಟು ಕೈಕೊಟ್ಟು ಬಿತ್ತುವವರೂ ಸುಸ್ತಾಗಿದ್ದಾರೆ. ಪಾವಗಡದ ತಿರುಮಣಿ, ವಳ್ಳೂರು ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಎದ್ದಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಶುರು. ಬರಕ್ಕೆ ಬೆಳೆ ಒಣಗಿಸಿಕೊಂಡವರಿಗೆ ಅದು ಖಾತ್ರಿ ದುಡ್ಡು, ಯಾಕೆ ಕೊಟ್ಟಿರಿ ಎಂದು ಕೇಳುವ ಬಾಯಿ ನನಗಿಲ್ಲ. ಜಮೀನಿಲ್ಲದೆ ಕಾಯಿ ಕೀಳಲು, ಬಿಡಿಸಲು ಹೋಗುತ್ತಿದ್ದ ಹೆಂಗಸರಿಗೆ ಮಾತ್ರ ಗುತ್ತಿಗೆಯೂ ಇಲ್ಲ, ಒಡೆದ ಬೀಜವೂ ಇಲ್ಲ.

ಈಗ ಮಧುಗಿರಿಯಲ್ಲಿ ನಮ್ಮ ಬೀದಿಯ ಎಳೆಯ ತಾಯಂದಿರು ಮಗುವಿನ ಹುಟ್ಟುಹಬ್ಬಕ್ಕೆ ತರಗತಿಯವರಿಗೆಲ್ಲ ಒಂದೊಂದು ಚೀಲ ಕೊಡುತ್ತಾರೆ. 2016ರಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧವಾದರೂ ಬಹಳ ಕಾಲ ಮಿಣಮಿಣ ಕವರೇ ನಡೆಯಿತು. ಈಚೆಗೆ ಕಂದುಬಣ್ಣದ ಕಾಗದದ ಚೀಲಕ್ಕೆ ದಾರ ಕಟ್ಟಿದ್ದು ಕಾಣುತ್ತಿದೆ. ನ್ಯೂಜೆರ್ಸಿಯಲ್ಲಿರುವ ನನ್ನ ತಂಗಿಯ ಮಗಳ ಮಕ್ಕಳ ಶಾಲೆಗೆ ಮನೆಯಲ್ಲಿ ಮಾಡಿದ್ದನ್ನು ಒಯ್ಯುವಂತಿಲ್ಲ, ಕಡ್ಲೆಬೀಜವಂತೂ ಗೇಟಿನೊಳಕ್ಕೇ ಬರಬಾರದು. ಕೆಲವು ಮಕ್ಕಳಿಗೆ ಅದು ಪ್ರಾಣಕ್ಕೇ ಕುತ್ತಂತೆ. ಇಲ್ಲಿ ಅಷ್ಟು ಕಟ್ಟುನಿಟ್ಟಿಲ್ಲ. ಆದರೆ ಪ್ಯಾಕೆಟ್ಟಿನದೇ ತನ್ನಿ ಎನ್ನುವ ಕಾನ್ವೆಂಟುಗಳು ಶುರುವಾಗಿವೆ.

ಮನೆಯದಕ್ಕೆ ಒಪ್ಪಿದ ಶಾಲೆಯೊಂದರ ಯುಕೆಜಿ ಹುಡುಗಿಯ ತಾಯಿ ಹೋದ ವರ್ಷ ನನ್ನ ಹತ್ತಿರ ಬಂದಿದ್ದಳು. "ಆಂಟಿ, ಏನ್ ಹಾಕ್ಲಿ ಹೇಳಿ, ಚಾಕ್ಲೇಟ್ ಬೇಡ ಅಂದವ್ರೆ." ಹುರಿಹಿಟ್ಟಿನ ಉಂಡೆ, ಕಡ್ಲೆಮಿಠಾಯಿ, ಒಂದು ಹಿಡಿ ಖಾರದ ಪುರಿ ಅಂದೆ. ಪುರಿ ಮೆತ್ತಗಾಗದಂತೆ ಚೀಲವನ್ನು ಬೆಳಿಗ್ಗೆಯೇ ಕಟ್ಟು, ಉಂಡೆಯನ್ನು ಬೇರೆ ಕಾಗದದಲ್ಲಿ ಸುತ್ತು, ಮಿಠಾಯಿ ಎಳೆಯ ಹಲ್ಲಿಗಾಗುವಂತೆ ತೆಳ್ಳಗೆ ಲಟ್ಟಿಸು ಎಂದೂ ಹೇಳಿದೆ. ನಾನೇ ಹೋಗಿ ಪಾಕ ನೋಡಿದೆ. ಮಗಳ ಹಟಕ್ಕೆ ಒಂದೊಂದು ಚೀಲಕ್ಕೂ ಸ್ಟ್ರಾಬೆರಿ ಆಕಾರದ ರಬ್ಬರೊಂದು ಸೇರಿತು. ಸಂಜೆ ಹೇಗಾಯಿತೆಂದು ವಿಚಾರಿಸಿದೆ. ಎಲ್ಲರೂ ಮೊದಲು ರಬ್ಬರನ್ನೇ ಮೂಸಿ ನೋಡಿದರಂತೆ. ಉಂಡೆ ಖಾಲಿಯಾದದ್ದು ಆಮೇಲೆ. ಮಿಠಾಯಿ ಇನ್ನೂ ಇದೆಯಾ ಎಂದು ಕೇಳಿಸಿದವರು ಆ ತರಗತಿಯ ಮಿಸ್ಸು.